ಹೆಗಲೇರಿದ ಬೇತಾಳ

ಕಳೆದ ಭಾನುವಾರ ಬೆಳಗ್ಗೆ ನಮ್ಮ ಅನ್ನಪೂರ್ಣೇಶ್ವರಿ ನಗರದ ಬೀದಿಯಲ್ಲಿ ಹಳೇ ಪೇಪರಿನವನ ಕೂಗು ಕೇಳಿಸಿತು. ಎದುರುಮನೆಯ ಗೃಹಿಣಿ ದಿನಪತ್ರಿಕೆಗಳ ಕಟ್ಟುಗಳನ್ನು ಹೊರಗೆ ತಂದಿಡುತ್ತಿದ್ದರು. ತಕ್ಕಡಿಯ ಪಕ್ಕದಲ್ಲಿ ರಟ್ಟು ಹಾಕಿಸಿದ ಎರಡು ಸಂಪುಟಗಳಿದ್ದವು. ಬಗ್ಗಿ ನೋಡಿದೆ, ‘ಚಂದಮಾಮ’! ಅವರ ಮಾವನವರು ಒಂದು ಕಾಲದಲ್ಲಿ ಅಕ್ಕರೆಯಿಂದ ಸಂಚಿಕೆಗಳನ್ನು ಜೋಡಿಸಿ ಬೈಂಡು ಮಾಡಿಸಿಟ್ಟವು.

“ಇವನ್ನೂ ತೂಕಕ್ಕೆ ಹಾಕುತ್ತೀರಾ ಅಕ್ಕಾ?” ಎಂದೆ.

“ಇನ್ನೇನು ಮಾಡಲಿ ಮೇಷ್ಟ್ರೇ? ಹುಡುಗನಿಗೆ ಈ ವರ್ಷ ಎಸ್.ಎಸ್.ಎಲ್.ಸಿ. ಕತ್ತಿ, ಮಾಟ, ಬೇತಾಳ ಎಂದು ಕೂತರೆ ಲೆಕ್ಕ ಮಾಡುವವರು ಯಾರು?” ಎಂದರು. ನಾನು ಸಂಪುಟಗಳನ್ನು ಎತ್ತಿಕೊಂಡದ್ದನ್ನು ಕಂಡು, “ಎಂ.ಎ. ಓದಿದ ನೀವೂ ಇಂಥವನ್ನು ಓದುತ್ತೀರಾ?” ಎಂದು ನಕ್ಕರು.

ಆಗ ನಾನೂ ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ಬೇತಾಳನಂತೆ ಹೆಗಲೇರಿ ಕುಳಿತಿತು. ಈ ವಾರದ ಬರಹ ಅದಕ್ಕೆ ಉತ್ತರ.

ಕತ್ತಿ ಹಿಡಿದ ಒಬ್ಬಂಟಿ ವೀರ, ಅವನೆದುರು ಮಾಟ ಬಲ್ಲ ದುಷ್ಟ: ಇಂಥ ಕಥೆಗಳಿಗೆ ಆಂಗ್ಲರಲ್ಲಿ ‘ಕತ್ತಿ ಮತ್ತು ಮಾಟ’ ಎಂಬರ್ಥದ ಹೆಸರೇ ಇದೆ. ೧೯೬೧ರಲ್ಲಿ ಫ್ರಿಟ್ಸ್ ಲೈಬರ್ ಎಂಬ ಲೇಖಕರು ಅದನ್ನು ಸೂಚಿಸಿದರು. ಹೆಸರಿಗಿಂತ ಕಥೆ ಹಳೆಯದು. ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿದ್ದ ರಾಬರ್ಟ್ ಹೋವರ್ಡ್ ಸೃಷ್ಟಿಸಿದ ಕೋನನ್ ಎಂಬ ವೀರ ೧೯೩೨ರ ಡಿಸೆಂಬರಿನಲ್ಲಿ ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡನು. ಹೋವರ್ಡ್ ೧೯೩೬ರಲ್ಲಿ, ಮೂವತ್ತನೆಯ ವಯಸ್ಸಿಗೇ ತೀರಿಕೊಂಡರೂ ಅವರ ವೀರ ಇನ್ನೂ ಬದುಕಿದ್ದಾನೆ.

೧೯೩೩ರಲ್ಲಿ ಬಂದ ಅವನ ಕಥೆಯೊಂದರಲ್ಲಿ ತರುಣ ಕೋನನ್ ರತ್ನವನ್ನು ಕದಿಯಲೆಂದು ಮಾಂತ್ರಿಕನ ಗೋಪುರವನ್ನು ಹತ್ತುತ್ತಾನೆ. ಒಳಗೆ ಕಂಡದ್ದು ಆನೆಯ ಮುಖವುಳ್ಳ ಒಂದು ದಿವ್ಯಜೀವಿ. ಮಾಂತ್ರಿಕನು ಅದನ್ನು ಸೆರೆಯಲ್ಲಿಟ್ಟು, ಚಿತ್ರಹಿಂಸೆ ಕೊಟ್ಟು, ಅದರ ವಿದ್ಯೆಯನ್ನು ಹಿಂಡಿಕೊಂಡಿದ್ದಾನೆ. ಕಳ್ಳತನಕ್ಕೆ ಬಂದವನ ಎದೆ ಕರಗುತ್ತದೆ. ಅದರ ಕೋರಿಕೆಯಂತೆ ಅದಕ್ಕೆ ಬಿಡುಗಡೆಯನ್ನೂ ಮಾಂತ್ರಿಕನಿಗೆ ಶಿಕ್ಷೆಯನ್ನೂ ಕೊಟ್ಟು, ರತ್ನವಿಲ್ಲದೆ ಬರಿಗೈಯಲ್ಲಿ ಹೊರಬೀಳುತ್ತಾನೆ. ಗಣಪತಿಗೆ ಕೈಮುಗಿದು ಬೆಳೆದ ನಮಗೆ ಈ ಕಥೆ ಪರಕೀಯವೆನಿಸುವುದೇ ಇಲ್ಲ.

ಪರಕೀಯವೆನಿಸದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಬಗೆಯ ಕಥೆಗಳ ಮಹಾಸಾಗರವೇ ನಮ್ಮಲ್ಲಿದೆ. ಗುಣಾಢ್ಯನ ಬೃಹತ್ಕಥೆಯನ್ನು ಆರನೆಯ ಶತಮಾನದ ಗಂಗರಾಜ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಆ ಗ್ರಂಥ ನಮಗೆ ಉಳಿದಿಲ್ಲ. ಅದೇ ಪರಂಪರೆಯನ್ನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ‘ಕಥಾಸರಿತ್ಸಾಗರ’ವಾಗಿ ಹಾಡಿದನು. ಬೇತಾಳನ ಕಥೆಗಳು ಅದರಲ್ಲಿವೆ.

ಅವು ನಮ್ಮ ಮನೆಗಳಿಗೆ ಬಂದದ್ದು ಮದರಾಸಿನಿಂದ. ನಾಗಿರೆಡ್ಡಿ, ಚಕ್ರಪಾಣಿಯವರು ೧೯೪೭ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ‘ಚಂದಮಾಮ’ ೧೯೪೯ರಲ್ಲಿ ಕನ್ನಡಕ್ಕೂ ಬಂದಿತು. ಕತ್ತಿ ಹಿರಿದು, ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ರಾಜನನ್ನು ಚಿತ್ರಕಾರ ಶಂಕರ್ ಅವರು ಎಷ್ಟೋ ಮಕ್ಕಳ ಕಣ್ಣಿನಲ್ಲಿ ಅಚ್ಚೊತ್ತಿದರು. ಅದೇ ನಾಗಿರೆಡ್ಡಿ, ಚಕ್ರಪಾಣಿಯವರ ವಿಜಯಾ ಸಂಸ್ಥೆ ೧೯೫೧ರಲ್ಲಿ ‘ಪಾತಾಳಭೈರವಿ’ಯನ್ನು ತೆರೆಗಿತ್ತಿತು. ಅದರಲ್ಲಿ ತೋಟದವಳ ಮಗನನ್ನು ಬಲಿಗೊಡಲು ಹೊಂಚಿದ ಮಾಂತ್ರಿಕನು ತಾನೇ ಬಲಿಯಾಗುತ್ತಾನೆ. ಉಡುಪಿ ಸೀಮೆಯ ಬಿ. ವಿಠ್ಠಲಾಚಾರ್ಯರಂತೂ ಮುಂದೆ ತೆಲುಗಿನಲ್ಲಿ ಇಂಥ ಚಿತ್ರಗಳಿಗೇ ಹೆಸರಾದರು. ‘ಚಂದಮಾಮ’ ನಿಂತು ಒಂದು ದಶಕಕ್ಕೂ ಮಿಕ್ಕಿತು, ಕಥೆ ನಿಂತಿಲ್ಲ.

ಇವುಗಳ ಸೆಳೆತವೇನು? ‘ಬದುಕಿನಿಂದ ತಪ್ಪಿಸಿಕೊಳ್ಳಲು ಒಂದು ಕಿಂಡಿ’ ಎಂದು ಪಂಡಿತರು ಹೇಳಿಯಾರು. ಅದು ಅರ್ಧಸತ್ಯ. ನಮ್ಮ ದಿನನಿತ್ಯದ ಕಷ್ಟಗಳಿಗೆ ಮುಖವಿಲ್ಲ. ಮನೆಸಾಲದ ಕಂತು, ಅಲೆದರೂ ಸಾಗದ ಕಡತ, ಮಕ್ಕಳ ಅಂಕಪಟ್ಟಿ: ಇವುಗಳ ಮೇಲೆ ಯಾವ ಕತ್ತಿಯನ್ನು ಬೀಸೋಣ? ಕಥೆಯಲ್ಲಾದರೋ ಕೇಡಿಗೆ ಒಂದು ವಿಳಾಸವಿದೆ. ಏಳು ಸಮುದ್ರದಾಚೆ, ಏಳು ಸುತ್ತಿನ ಕೋಟೆಯೊಳಗೆ, ಪಂಜರದ ಗಿಳಿಯಲ್ಲಿ ರಕ್ಕಸನ ಪ್ರಾಣ! ದಾರಿ ದುರ್ಗಮವಾದರೂ ದಾರಿಯೊಂದಿದೆಯೆಂಬ ಸಮಾಧಾನ ಓದುಗನಿಗೆ ದೊರೆಯುತ್ತದೆ.

ಈ ಜಾತಿಯ ಕಥೆಗಳಲ್ಲಿ ದೋಷಗಳಿಲ್ಲವೆಂದಲ್ಲ. ರಾಜಕುಮಾರಿ ಅನೇಕ ವೇಳೆ ಗೆದ್ದವನ ಬಹುಮಾನ ಮಾತ್ರ; ಕಾಡಿನ ಜನರೆಲ್ಲ ಕ್ರೂರಿಗಳು. ಹೋವರ್ಡರ ಬರಹದಲ್ಲಿ ವರ್ಣದ್ವೇಷದ ಕಲೆಯೂ ಇದೆ. ಆದರೆ ಅದೇ ಪತ್ರಿಕೆಯಲ್ಲಿ ೧೯೩೪ರಲ್ಲಿ ಸಿ. ಎಲ್. ಮೂರ್ ಎಂಬ ಲೇಖಕಿ ಜಿರೆಲ್ ಎಂಬ ವೀರವನಿತೆಯ ಕೈಗೆ ಕತ್ತಿ ಕೊಟ್ಟರು. ಕಥೆಯ ಅಚ್ಚು ಬದಲಾಗಬಲ್ಲದು. ದೋಷಕ್ಕಾಗಿ ಅಚ್ಚನ್ನೇ ಬಿಸಾಡಬೇಕಾಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇವೆಲ್ಲಕ್ಕಿಂತ ಬೇರೆಯದು. ಸೋಮದೇವನ ರಾಜ ತ್ರಿವಿಕ್ರಮಸೇನನು ಬೇತಾಳನ ಪ್ರಶ್ನೆಗೆಲ್ಲ ಜಾಣತನದಿಂದ ಉತ್ತರಿಸುತ್ತಾನೆ. ಪ್ರತಿ ಉತ್ತರಕ್ಕೂ ಹೆಣ ಮತ್ತೆ ಮರಕ್ಕೆ ಹಾರುತ್ತದೆ. ಕೊನೆಗೆ ಬೇತಾಳನು ವಿಚಿತ್ರ ಪ್ರಶ್ನೆಯೊಂದನ್ನು ಕೇಳುತ್ತಾನೆ: ತಂದೆ ಮಗಳನ್ನೂ, ಅವನ ಮಗ ಅವಳ ತಾಯಿಯನ್ನೂ ಮದುವೆಯಾದರೆ, ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ತಿಳಿಯಲಿಲ್ಲ, ಮಾತನಾಡದೆ ನಡೆದನು. ಮೆಚ್ಚಿದ ಬೇತಾಳನು ಕಪಟ ಸಂನ್ಯಾಸಿಯ ಹೊಂಚನ್ನು ಬಯಲು ಮಾಡುತ್ತಾನೆ. “ಸಾಷ್ಟಾಂಗ ಎರಗು” ಎಂದು ಸಂನ್ಯಾಸಿ ಹೇಳಿದಾಗ ರಾಜನು, “ನನಗೆ ತಿಳಿಯದು, ನೀವೇ ತೋರಿಸಿ” ಎಂದನು. ಅವನು ಬಾಗಿದಾಗ ಕತ್ತಿ ಬಿದ್ದಿತು.

ನೋಡಿ, ಎಲ್ಲ ಬಲ್ಲವನು ಮಾಂತ್ರಿಕ; ರಾಜನನ್ನು ಕಾದದ್ದು ‘ತಿಳಿಯದು’ ಎಂಬ ಅಳುಕಿಲ್ಲದ ಮಾತು. ಆ ಮಾತಿಲ್ಲದಿದ್ದರೆ ಕತ್ತಿಯಿಂದೇನೂ ಆಗುತ್ತಿರಲಿಲ್ಲ.

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಎರಡು ವರ್ಷಗಳ ಹಿಂದೆ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಹಳಗನ್ನಡದ ಶಬ್ದವೊಂದರ ಅರ್ಥ ಕೇಳಿದಳು. ನನಗೆ ತಿಳಿದಿರಲಿಲ್ಲ. ಎಂಬತ್ತು ಕಣ್ಣುಗಳೆದುರು ಒಪ್ಪಿಕೊಳ್ಳಲಾರದೆ, ಬಾಯಿಗೆ ಬಂದ ಅರ್ಥವನ್ನು ಗಂಭೀರವಾಗಿ ಹೇಳಿದೆ. ಮನೆಗೆ ಬಂದು ನಿಘಂಟು ನೋಡಿದರೆ ಅರ್ಥ ಬೇರೆ. ಮರುದಿನ ತಿದ್ದಬಹುದಿತ್ತು, ತಿದ್ದಲಿಲ್ಲ. ನನ್ನ ಸುಳ್ಳು ಇಂದಿಗೂ ಯಾವುದೋ ನೋಟುಬುಕ್ಕಿನಲ್ಲಿ ಭದ್ರವಾಗಿದೆ. ಆ ದಿನ ನಾನು ರಾಜನ ಪಕ್ಷದಲ್ಲಿರಲಿಲ್ಲ.

ಸೋಮವಾರ ಸಂಜೆ ಸಂಪುಟಗಳೊಡನೆ ಎದುರುಮನೆಗೆ ಹೋಗಿ, “ತೂಕಕ್ಕೆ ಹಾಕಬೇಡಿ ಅಕ್ಕಾ, ಪರೀಕ್ಷೆ ಮುಗಿದ ಮೇಲಾದರೂ ಇವನು ಓದಲಿ” ಎಂದು ಬೇಡಿಕೊಂಡೆ. ಬೇತಾಳನ ಕೊನೆಯ ಪ್ರಶ್ನೆಯನ್ನೂ ಹೇಳಿದೆ. ಹುಡುಗ ಲೆಕ್ಕದ ಪುಸ್ತಕವನ್ನು ಮಡಿಸಿ, ಬಹಳ ಹೊತ್ತು ಬೆರಳು ಮಡಿಚಿ ಎಣಿಸಿದನು.

“ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು ಸಾರ್?”

“ನನಗೂ ಗೊತ್ತಿಲ್ಲಪ್ಪ” ಎಂದೆ.

ಅವನು ನಕ್ಕನು. ಅವನ ತಾಯಿ ಸಂಪುಟಗಳನ್ನು ತೆಗೆದುಕೊಂಡು ಹೋಗಿ ಬೀರುವಿನ ಮೇಲಿಟ್ಟರು.