ಕಾಲಡಿಯ ಜೀವಲೋಕ

ಕೈಗೊಂಡ ಕೆಲಸ ಕೆಟ್ಟರೆ ‘ಮಣ್ಣುಪಾಲಾಯಿತು’ ಎನ್ನುತ್ತೇವೆ. ಬುದ್ಧಿ ಓಡದವನನ್ನು ‘ತಲೆಯಲ್ಲಿ ಮಣ್ಣು ತುಂಬಿದೆಯೇ?’ ಎಂದು ಗದರಿಸುತ್ತೇವೆ. ನಮ್ಮ ಮಾತಿನಲ್ಲಿ ಮಣ್ಣೆಂದರೆ ಬೆಲೆಯಿಲ್ಲದ್ದು, ಜೀವವಿಲ್ಲದ್ದು. ಆದರೆ ಮಣ್ಣುಪಾಲಾದ ರಾಗಿಯ ಕಾಳು ತೆನೆಯಾಗಿ ಮರಳುತ್ತದೆ. ಮಣ್ಣುಪಾಲಾದ ತರಗೆಲೆ ಗೊಬ್ಬರವಾಗಿ ಮರವನ್ನು ಮತ್ತೆ ಸೇರುತ್ತದೆ. ಬರಿಯ ಜಡವಸ್ತುವಿಗೆ ಈ ಶಕ್ತಿ ಎಲ್ಲಿಂದ ಬರಬೇಕು? ಮಣ್ಣು ಅಸಂಖ್ಯ ಜೀವಿಗಳ ನೆಲೆ. ಈ ಸತ್ಯವನ್ನು ನಾವು ಪುಸ್ತಕದಲ್ಲಿ ಒಪ್ಪಿಕೊಂಡು ನಡೆವಳಿಕೆಯಲ್ಲಿ ಮರೆತಿದ್ದೇವೆ.

ಈ ಸತ್ಯವನ್ನು ಕುರಿತು ಚಿಂತಿಸಲು ದೇಶವಿದೇಶಗಳ ವಿಜ್ಞಾನಿಗಳು ನಮ್ಮ ಬೆಂಗಳೂರಿನಲ್ಲಿಯೇ ಒಮ್ಮೆ ಸೇರಿದ್ದರು. ಮಣ್ಣಿನಲ್ಲಿ ವಾಸಿಸುವ ಪ್ರಾಣಿಗಳ ಅಧ್ಯಯನಕ್ಕೆ ಮೀಸಲಾದ ಅಂತರರಾಷ್ಟ್ರೀಯ ವಿಚಾರಗೋಷ್ಠಿಗಳಲ್ಲಿ ಒಂಬತ್ತನೆಯದು 1985ರಲ್ಲಿ ಮಾಸ್ಕೋ ನಗರದಲ್ಲಿ ನಡೆಯಿತು. ಹತ್ತನೆಯದು 1988ರ ಆಗಸ್ಟ್ 7ರಿಂದ 13ರವರೆಗೆ ಬೆಂಗಳೂರಿನಲ್ಲಿ ನೆರವೇರಿತು. ಅಲ್ಲಿ ಮಂಡಿತವಾದ ಪ್ರಬಂಧಗಳನ್ನು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಜಿ. ಕೆ. ವೀರೇಶ್, ಡಿ. ರಾಜಗೋಪಾಲ್ ಮತ್ತು ಸಿ. ಎ. ವಿರಕ್ತಮಠ ಅವರು ಸಂಪಾದಿಸಿದರು. ಆ ಗ್ರಂಥವು 1991ರಲ್ಲಿ ಪ್ರಕಟವಾಯಿತು. ಮಣ್ಣಿನ ಜೀವಿಗಳ ನಿರ್ವಹಣೆ ಮತ್ತು ಸಂರಕ್ಷಣೆಯೇ ಅದರ ವಿಷಯ. ಎರೆಹುಳು, ಗೆದ್ದಲುಗಳಂಥ ಜೀವಿಗಳನ್ನೂ ಹುಲಿ, ಆನೆಗಳಂತೆಯೇ ಸಂರಕ್ಷಿಸಬೇಕೆಂಬ ಮಾತು ಗಮನಾರ್ಹವಲ್ಲವೇ?

ವಿಜ್ಞಾನದ ನಿಯಮಗಳು ಎಲ್ಲೆಡೆ ಒಂದೇ ಆಗಿರುವಾಗ ಇಷ್ಟು ದೂರ ಬಂದು ಸೇರುವ ಅಗತ್ಯವೇನು ಎಂದು ನೀವು ಕೇಳಬಹುದು. ನಿಯಮಗಳು ಒಂದೇ ಆದರೂ ಮಣ್ಣು ಒಂದೇ ಅಲ್ಲ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಹಲವು ಕಡೆ ಈ ಹುಳುಗಳು ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಮೀರಿದ ಮಣ್ಣನ್ನು ಮೇಲಕ್ಕೆ ತರುತ್ತವೆ ಎಂದು ಅವನು ಲೆಕ್ಕ ಹಾಕಿದನು. ಆ ತಂಪು ನೆಲದಲ್ಲಿ ಎರೆಹುಳು ಮಾಡುವ ಕೆಲಸದ ಬಹುಭಾಗವನ್ನು ಉಷ್ಣದೇಶಗಳ ಒಣನೆಲದಲ್ಲಿ ಗೆದ್ದಲು ಮಾಡುತ್ತದೆ. ಅದು ಒಣಹುಲ್ಲನ್ನೂ ಸತ್ತ ಮರವನ್ನೂ ಅರಗಿಸಿ ಮಣ್ಣಿಗೆ ಸೇರಿಸುತ್ತದೆ. ಅದು ಕೊರೆದ ದಾರಿಗಳಲ್ಲಿ ಮಳೆಯ ನೀರು ಒಳಗಿಳಿಯುತ್ತದೆ. ಗೆದ್ದಲುಗಳಲ್ಲಿ ಬೆಳೆಗೂ ಮರಮುಟ್ಟುಗಳಿಗೂ ಹಾನಿಮಾಡುವ ಜಾತಿಗಳು ಕೆಲವೇ. ಆದುದರಿಂದ ಒಂದು ನೆಲದ ಗುಣವನ್ನು ಅರಿಯಬೇಕಾದರೆ ಆ ನೆಲದಲ್ಲಿಯೇ ನಿಂತು ನೋಡಬೇಕು.

ಇಂತಹ ನೋಟಕ್ಕೆ ಬೆಂಗಳೂರಿನ ಉತ್ತರ ಭಾಗವು ಬಹುಕಾಲದಿಂದ ನೆಲೆಯಾಗಿದೆ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಷೇತ್ರಕ್ಕಾಗಿ ದಾನಮಾಡಿದರು. ಅಲ್ಲಿ ಡಾ. ಲೇಹ್ಮನ್ ಎಂಬ ವಿಜ್ಞಾನಿಯು ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಕುರಿತು ಸಂಶೋಧನೆಯನ್ನು ಆರಂಭಿಸಿದನು. ಆ ಬೀಜವೇ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. ಸುತ್ತಲಿನ ಯಲಹಂಕ ಸೀಮೆಯ ರೈತರಾದರೋ ತಲೆಮಾರುಗಳಿಂದ ಇದೇ ಕೆಂಪು ಮಣ್ಣಿನಲ್ಲಿ ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುತ್ತಿದ್ದರು. ಆ ಗಿಡಗಳ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ನೆಲಕ್ಕೂ ಒದಗಿಸುತ್ತವೆ. ಕಾರಣವನ್ನು ಅರಿಯದಿದ್ದರೂ ಫಲವನ್ನು ಅವರು ಬಲ್ಲವರಾಗಿದ್ದರು.

ಇಂದು ಆ ಸೀಮೆಯಲ್ಲಿ ‘ಹೊಲ’ ಎಂಬ ಮಾತು ಹಿಂದೆ ಸರಿದು ‘ಸೈಟು’ ಎಂಬ ಮಾತು ಮುಂದೆ ಬಂದಿದೆ. ಹೊಲವನ್ನು ಅದರ ಬೆಳೆಯಿಂದ ಅಳೆಯುತ್ತಿದ್ದರು. ಸೈಟನ್ನು ಅಡಿಗಳಲ್ಲಿ ಅಳೆಯುತ್ತಾರೆ. ಮೂವತ್ತು ಅಡಿ, ನಲವತ್ತು ಅಡಿ ಎಂಬ ಲೆಕ್ಕದಲ್ಲಿ ಉದ್ದವುಂಟು, ಅಗಲವುಂಟು, ಆಳವಿಲ್ಲ. ಜೀವವಿರುವುದು ಆ ಆಳದಲ್ಲಿ. ಒಂದು ಸೆಂಟಿಮೀಟರಿನಷ್ಟು ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಅದನ್ನು ಯಂತ್ರವು ಒಂದು ಬೆಳಗಿನಲ್ಲಿ ಬಗೆದು ಲಾರಿಗೆ ತುಂಬುತ್ತದೆ. ಉಳಿದ ನೆಲದ ಮೇಲೆ ಕಾಂಕ್ರೀಟು ಹಾಸಿದೊಡನೆ ಗಾಳಿ, ನೀರು, ತರಗೆಲೆಗಳ ದಾರಿ ಮುಚ್ಚಿ ಹೋಗುತ್ತದೆ. ಆ ಜೀವಲೋಕವು ಹಸಿವಿನಿಂದ ಕ್ಷೀಣಿಸುತ್ತದೆ.

ಹಾಗಾದರೆ ಜನರಿಗೆ ಮನೆ, ರಸ್ತೆ ಬೇಡವೇ? ಖಂಡಿತವಾಗಿಯೂ ಬೇಕು. ಬೆಳೆಯುವ ನಗರವನ್ನು ತಡೆದು ನಿಲ್ಲಿಸಬೇಕೆಂದು ಯಾರೂ ಹೇಳಲಾರರು. ಆದರೆ ಮನೆ ಕಟ್ಟುವ ಅಗತ್ಯವು ಮಣ್ಣನ್ನು ಕಸವೆಂದು ಎಣಿಸಲು ಅನುಮತಿಯಲ್ಲ. ತಳಪಾಯ ತೋಡುವ ಮುನ್ನ ಮೇಲಿನ ಒಂದು ಗೇಣು ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ತೋಟಕ್ಕೋ ಉದ್ಯಾನಕ್ಕೋ ಒಯ್ಯಬಹುದು. ಅಂಗಳದಲ್ಲಿ ಸ್ವಲ್ಪ ನೆಲವನ್ನಾದರೂ ತೆರೆದಿಡಬಹುದು. ಮರದ ಬುಡಕ್ಕೆ ಸಿಮೆಂಟು ಬಳಿಯದಿರಬಹುದು. ಇವುಗಳಿಗೆ ಬೇಕಾದದ್ದು ಹೆಚ್ಚು ಹಣವಲ್ಲ, ಮಣ್ಣನ್ನು ನೋಡುವ ಬೇರೊಂದು ದೃಷ್ಟಿ.

ವಿಶ್ವಸಂಸ್ಥೆಯು 2015ನೆಯ ವರ್ಷವನ್ನು ಅಂತರರಾಷ್ಟ್ರೀಯ ಮಣ್ಣಿನ ವರ್ಷವೆಂದು ಘೋಷಿಸಿತು. ಡಿಸೆಂಬರ್ 5 ವಿಶ್ವ ಮಣ್ಣಿನ ದಿನ. ಸಮ್ಮೇಳನಗಳೂ ಆಚರಣೆಗಳೂ ಬೇಕು; ಆದರೆ ವಿದ್ವಾಂಸರು ಕಂಡುಕೊಂಡ ತಿಳಿವಳಿಕೆಯು ಗ್ರಂಥದಲ್ಲಿಯೇ ಉಳಿದರೆ ನೆಲಕ್ಕೆ ಲಾಭವಿಲ್ಲ. ಮಣ್ಣನ್ನು ಕಾಯುವುದು ವಿಜ್ಞಾನಿಯೊಬ್ಬನ ಕೆಲಸವೂ ಅಲ್ಲ, ರೈತನೊಬ್ಬನ ಕೆಲಸವೂ ಅಲ್ಲ. ಅದರ ಮೇಲೆ ಕಾಲೂರಿ ನಿಂತ ಎಲ್ಲರ ಕೆಲಸ. ಶಾಲೆಯ ಆವರಣದಲ್ಲಿ ಉದುರಿದ ಎಲೆಗಳನ್ನು ಗುಡಿಸಿ ಬೆಂಕಿ ಹಚ್ಚುವುದೆಂದರೆ ಮಣ್ಣಿನ ಜೀವಿಗಳ ಅನ್ನವನ್ನು ಸುಟ್ಟಂತೆ. ವಿದ್ಯಾರ್ಥಿಗಳಾದ ನೀವು ಆ ಎಲೆಗಳನ್ನು ಒಂದು ಗುಂಡಿಗೆ ಹಾಕಿ, ಮೇಲೆ ತೆಳುವಾಗಿ ಮಣ್ಣು ಹರಡಿ, ಆಗಾಗ ನೀರು ಚಿಮುಕಿಸಿರಿ. ಕೆಲವು ತಿಂಗಳ ಬಳಿಕ ಅಗೆದು ನೋಡಿದರೆ ಎಲೆ ಕಾಣದು. ಕಪ್ಪಾದ, ಹುಡಿಯಾದ ಗೊಬ್ಬರ ಕಾಣುವುದು. ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಮಣ್ಣು ತನ್ನ ಜೀವಂತಿಕೆಯನ್ನು ಅಲ್ಲಿ ತಾನೇ ಸಾರುವುದು.