ವಿನ್ಯಾಸಕ್ಕೆ ಮೊದಲು ತಿಳಿವಳಿಕೆ

ಹೊಸ ಉತ್ಪನ್ನವೊಂದನ್ನು ಮಾರುಕಟ್ಟೆಗೆ ತರಲು ಹೊರಟ ಸಣ್ಣ ಉದ್ದಿಮೆದಾರರು ಯಂತ್ರ, ಅಚ್ಚು, ಕಚ್ಚಾವಸ್ತು ಮತ್ತು ದುಡಿಯುವ ಬಂಡವಾಳದ ಲೆಕ್ಕವನ್ನು ತಪ್ಪದೆ ಸಿದ್ಧಪಡಿಸುತ್ತಾರೆ. ಆ ವಸ್ತುವನ್ನು ಬಳಸುವವರು ಯಾರು, ಎಲ್ಲಿ, ಹೇಗೆ ಬಳಸುತ್ತಾರೆ ಎಂಬುದನ್ನು ಅರಿಯಲು ತಗಲುವ ಸಮಯ ಮತ್ತು ಹಣದ ಲೆಕ್ಕ ಮಾತ್ರ ಯೋಜನಾ ವರದಿಗಳಲ್ಲಿ ಕಾಣುವುದು ಅಪರೂಪ. ವಿನ್ಯಾಸವೆಂದರೆ ನಕ್ಷೆ ಬರೆಯುವ ಕೆಲಸ, ಗ್ರಾಹಕನ ವಿಚಾರವೇನಿದ್ದರೂ ಮಾರಾಟ ವಿಭಾಗದ್ದು ಎಂಬ ಭಾವನೆಯೇ ಇದಕ್ಕೆ ಕಾರಣ.

ತತ್ತ್ವಶಾಸ್ತ್ರವು ತಿಳಿವಳಿಕೆಯನ್ನು ಮಾಹಿತಿಗಿಂತ ಭಿನ್ನವೆಂದು ಪರಿಗಣಿಸುತ್ತದೆ. ನಿಸರ್ಗವನ್ನು ಕಾರ್ಯಕಾರಣ ಸಂಬಂಧದಿಂದ ವಿವರಿಸಬಹುದು, ಆದರೆ ಮನುಷ್ಯನ ಬದುಕನ್ನು ಒಳಗಿನಿಂದ ತಿಳಿಯಬೇಕು ಎಂಬುದು ಜರ್ಮನ್ ತತ್ತ್ವಜ್ಞಾನಿ ವಿಲ್‌ಹೆಲ್ಮ್ ಡಿಲ್ಟೈ (1833–1911) ಅವರ ಪ್ರತಿಪಾದನೆ. ಹಾನ್ಸ್ ಗೇಯಾರ್ಗ್ ಗಾಡಮರ್ ಅವರು 1960ರಲ್ಲಿ ಪ್ರಕಟಿಸಿದ ‘ಸತ್ಯ ಮತ್ತು ವಿಧಾನ’ ಗ್ರಂಥದಲ್ಲಿ ಈ ಚಿಂತನೆಯನ್ನು ಇನ್ನೊಂದು ದಿಕ್ಕಿನಲ್ಲಿ ಮುಂದುವರಿಸಿದರು. ಯಾರೇ ಆಗಲಿ ತಮ್ಮ ಪೂರ್ವಗ್ರಹಿಕೆಗಳೊಂದಿಗೇ ತಿಳಿಯಲು ತೊಡಗುತ್ತಾರೆ. ಆ ಗ್ರಹಿಕೆಗಳು ಪರೀಕ್ಷೆಗೆ ಒಳಗಾಗಿ ತಿದ್ದಲ್ಪಟ್ಟಾಗಲೇ ತಿಳಿವಳಿಕೆ ಬೆಳೆಯುತ್ತದೆ.

ಈ ಮಾತು ಉದ್ದಿಮೆಗೆ ಹೇಗೆ ಅನ್ವಯಿಸುತ್ತದೆ ಎಂಬುದಕ್ಕೆ ಜೈಪುರ ಪಾದ ಒಳ್ಳೆಯ ನಿದರ್ಶನ. ಪಾಶ್ಚಾತ್ಯ ಮಾದರಿಯ ಕೃತಕ ಪಾದವು ಬೂಟಿನೊಳಗೆ ಇರಲೆಂದು, ಕುರ್ಚಿಯ ಮೇಲೆ ಕೂರುವವರಿಗೆಂದು ರೂಪುಗೊಂಡಿತ್ತು. ತಾಂತ್ರಿಕವಾಗಿ ಅದರಲ್ಲಿ ದೋಷವಿರಲಿಲ್ಲ. ಆದರೆ ಬರಿಗಾಲಿನಲ್ಲಿ ನಡೆಯುವ, ಕುಕ್ಕರುಗಾಲಿನಲ್ಲಿ ಕೂರುವ, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವ, ಕೆಸರುಗದ್ದೆಯಲ್ಲಿ ದುಡಿಯುವ ಭಾರತೀಯನಿಗೆ ಅದು ಹೊಂದುತ್ತಿರಲಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಆ ಪೂರ್ವಗ್ರಹಿಕೆಯನ್ನೇ ಕೈಬಿಟ್ಟು, ರಬ್ಬರ್ ಬಳಸಿ, ಬೂಟಿನ ಅಗತ್ಯವಿಲ್ಲದೆ ಎಲ್ಲ ದಿಕ್ಕಿಗೂ ಬಾಗಬಲ್ಲ ಪಾದವನ್ನು ರೂಪಿಸಿದರು. 1981ರಲ್ಲಿ ಡಾ. ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇಂತಹ ಅಧ್ಯಯನಕ್ಕೆ ಸಣ್ಣ ಘಟಕಗಳಲ್ಲಿ ಹಣವೆಲ್ಲಿದೆ ಎಂಬ ಆಕ್ಷೇಪ ಸಹಜ. ಲೆಕ್ಕಪತ್ರಗಳ ರೀತಿಯೂ ಇದಕ್ಕೆ ಪುಷ್ಟಿ ನೀಡುತ್ತದೆ. ಲೆಕ್ಕಪತ್ರ ಮಾನದಂಡ 26ರಂತೆ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯಾಗಿ ತೋರಿಸುವಂತಿಲ್ಲ. ಅದು ಆಯಾ ಅವಧಿಯ ಖರ್ಚಾಗಿಯೇ ಲಾಭ-ನಷ್ಟ ಖಾತೆಗೆ ಸೇರುತ್ತದೆ. ಅಚ್ಚು, ಯಂತ್ರಗಳಾದರೋ ಆಸ್ತಿಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಕಡಿತದ ಕತ್ತರಿ ಮೊದಲು ಬೀಳುವುದು ತಿಳಿಯುವ ಕೆಲಸದ ಮೇಲೆಯೇ. ಆದರೆ ಬಳಕೆದಾರನಿಗೆ ಒಗ್ಗದ ಸರಕು ಗೋದಾಮಿನಲ್ಲಿ ಉಳಿದಾಗ, ಮಾನದಂಡ 2ರ ಪ್ರಕಾರ ದಾಸ್ತಾನಿನ ಬೆಲೆಯನ್ನು ವೆಚ್ಚ ಮತ್ತು ನಿವ್ವಳ ವಸೂಲಿ ಮೌಲ್ಯಗಳಲ್ಲಿ ಕಡಿಮೆಯಾದುದಕ್ಕೆ ಇಳಿಸಲೇಬೇಕಾಗುತ್ತದೆ. ಮೊದಲು ಉಳಿಸಿದ ಖರ್ಚು ಹಲವು ಪಟ್ಟಾಗಿ, ನಷ್ಟದ ರೂಪದಲ್ಲಿ ಅದೇ ಖಾತೆಗೆ ಮರಳುತ್ತದೆ.

ತಿಳಿಯುವ ಕೆಲಸಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅಚ್ಚಿಗೆ ಮುಂಗಡ ಕೊಡುವ ಮುನ್ನ, ಈಗಿರುವ ವಸ್ತುವನ್ನು ಬಳಸುವವರ ಹೊಲ, ಅಡುಗೆಮನೆ, ಕಾರ್ಖಾನೆಗಳಲ್ಲಿ ಅದು ಬಳಕೆಯಾಗುವುದನ್ನು ನೋಡಬೇಕು. ದುರಸ್ತಿ ಮಾಡುವವರ ಮಾತನ್ನು ಆಲಿಸಬೇಕು. ಮರಳಿ ಬಂದ ಸರಕಿನ ಕಾರಣಗಳನ್ನು ದಾಖಲಿಸಬೇಕು. ಇದರ ವೆಚ್ಚಕ್ಕೆ ಯೋಜನಾ ವರದಿಯಲ್ಲಿ ಪ್ರತ್ಯೇಕ ಬಾಬತ್ತು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಂಡದ್ದಕ್ಕೆ ಅನುಗುಣವಾಗಿ ನಕ್ಷೆಯನ್ನು ಬದಲಿಸುವ ಮನಸ್ಸಿರಬೇಕು. ನಕ್ಷೆ ಬದಲಾಗದಿದ್ದಲ್ಲಿ ಸಂಗ್ರಹವಾದುದು ಮಾಹಿತಿ ಮಾತ್ರ. ಕಾಗದದ ಮೇಲಿನ ಗೆರೆಯನ್ನು ಅಳಿಸಲು ತಗಲುವ ಖರ್ಚು ಅತ್ಯಲ್ಪ; ಉಕ್ಕಿನಲ್ಲಿ ಕೊರೆದ ಅಚ್ಚನ್ನು ತಿದ್ದುವುದು ಹಾಗಲ್ಲ.