ಯಾರ ಹೆಜ್ಜೆಗೆ ಎಷ್ಟು ತೂಕ?

ಯಾವ ವಿಮಾನವನ್ನು ಯಾವ ದ್ವಾರದ ಬಳಿ, ಎಷ್ಟು ಹೊತ್ತು ನಿಲ್ಲಿಸಬೇಕೆಂಬುದನ್ನು ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಗಣಿತದ ನೆರವಿನಿಂದ ನಿರ್ಧರಿಸುವುದುಂಟು. ಇದನ್ನು ಕೇಳಿ ಯಾದಗಿರಿ, ಶಹಾಪುರ, ಸುರಪುರಗಳ ವಾಚಕರು ನಕ್ಕಾರು; ಅವರ ನೆರೆಯ ಕಲಬುರಗಿಯಲ್ಲಿ ವಿಮಾನ ನಿಲ್ದಾಣ ತೆರೆದುದೇ ೨೦೧೯ರಲ್ಲಿ. ಆದರೆ ವಿಮಾನದ ದ್ವಾರಕ್ಕೂ ಬಸ್ ನಿಲ್ದಾಣದ ಅಂಕಣಕ್ಕೂ (ಜನರು ಪ್ಲಾಟ್‌ಫಾರಂ ಎನ್ನುವುದು ಇದನ್ನೇ) ಗಣಿತವು ಭೇದವೆಣಿಸುವುದಿಲ್ಲ. ಈ ವಿದ್ಯೆ ನಮ್ಮ ಬಸ್ ನಿಲ್ದಾಣಗಳಿಗೂ ಬರಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಒಂದು ಎಚ್ಚರದೊಡನೆ.

ಅಂಕಣಗಳು ಎಷ್ಟು ಬೇಕು? ದಿನಕ್ಕೆ ಎಷ್ಟು ಬಸ್ಸುಗಳು ಬರುತ್ತವೆಂಬುದು ಇಲ್ಲಿ ಮುಖ್ಯವಲ್ಲ. ಒಂದೇ ಗಳಿಗೆಯಲ್ಲಿ ಅತಿ ಹೆಚ್ಚೆಂದರೆ ಎಷ್ಟು ನಿಂತಿರುತ್ತವೆಯೋ ಅಷ್ಟು ಅಂಕಣಗಳು ಸಾಕೆಂದು ಸಾಧಿಸಿ ತೋರಿಸಬಹುದು. ಬಸ್ಸು ತಡವಾಗುವುದುಂಟಾದುದರಿಂದ ನಡುವೆ ಕೆಲವು ನಿಮಿಷಗಳ ಬಿಡುವನ್ನು ಸೇರಿಸಿಕೊಳ್ಳಬೇಕು, ಅಷ್ಟೆ. ಹೊಸ ಕಟ್ಟಡ ಬೇಕೆಂದು ಕೂಗುವ ಮುನ್ನ ವೇಳಾಪಟ್ಟಿಯನ್ನು ತುಸು ಸರಿಸಿ ನೋಡುವುದು ಅಗ್ಗದ ಉಪಾಯ.

ಇನ್ನು ಹಂಚಿಕೆಯ ಮಾತು. ಹತ್ತು ಬಸ್ಸುಗಳನ್ನು ಹತ್ತು ಅಂಕಣಗಳಿಗೆ ೩೬,೨೮,೮೦೦ ಬಗೆಗಳಲ್ಲಿ ಹಂಚಬಹುದು. ಎಲ್ಲವನ್ನೂ ಪರೀಕ್ಷಿಸಬೇಕಾಗಿಲ್ಲ. ೧೯೫೫ರಲ್ಲಿ ಅಮೆರಿಕದ ಹೆರಾಲ್ಡ್ ಕೂನ್ ಎಂಬ ಗಣಿತಜ್ಞರು, ಹಂಗೆರಿಯ ಕೋನಿಗ್ ಮತ್ತು ಎಗರ್ವಾರಿ ಎಂಬುವರ ಶೋಧನೆಗಳನ್ನು ಆಧರಿಸಿ, ಕಾಗದದ ಮೇಲೆ ಕೂಡಿ ಕಳೆಯುವುದರಿಂದಲೇ ಅತ್ಯುತ್ತಮ ಹಂಚಿಕೆಯನ್ನು ಕಾಣುವ ಕ್ರಮವನ್ನು ಪ್ರಕಟಿಸಿದರು. ಅದಕ್ಕೆ ‘ಹಂಗೆರಿಯ ವಿಧಾನ’ವೆಂದೇ ಹೆಸರಿಟ್ಟರು. ಒಂದು ಬಸ್ಸಿನಿಂದಿಳಿದು ಇನ್ನೊಂದನ್ನು ಹಿಡಿಯುವವರ ನಡಿಗೆಯನ್ನೂ ಗಣನೆಗೆ ತಂದರೆ ಮಾತ್ರ ಸಮಸ್ಯೆ ಬಹಳ ಜಟಿಲವಾಗುತ್ತದೆ. ಆಗ ಗಣಕಯಂತ್ರವೂ ಎಷ್ಟೋ ವೇಳೆ ಅತ್ಯುತ್ತಮವನ್ನು ಬಿಟ್ಟು ಉತ್ತಮಕ್ಕೇ ತೃಪ್ತಿಪಡಬೇಕಾಗುತ್ತದೆ.

ನಮ್ಮ ಎಚ್ಚರಿಕೆ ಇರುವುದು ‘ಅತ್ಯುತ್ತಮ’ವೆಂಬ ಮಾತಿನ ವಿಷಯದಲ್ಲಿ. ಊಹೆಯ ಒಂದು ಲೆಕ್ಕವನ್ನು ನೋಡೋಣ. ಯಾದಗಿರಿಯ ನಿಲ್ದಾಣದಲ್ಲಿ ಬಾಗಿಲಿಗೆ ೨೦ ಹೆಜ್ಜೆ ದೂರದ ಒಂದು ಅಂಕಣ, ೧೦೦ ಹೆಜ್ಜೆ ದೂರದ ಇನ್ನೊಂದು ಖಾಲಿಯಿವೆ. ಒಂಬತ್ತು ಗಂಟೆಗೆ ಸುರಪುರದ ಬಸ್ಸು ಬರುತ್ತದೆ. ಅದರಲ್ಲಿ ಹತ್ತೇ ಜನ. ಗಂಟುಮೂಟೆ, ಕೂಸುಗಳೊಡನೆ ಗುಳೆ ಹೊರಟು ಮುಂಬಯಿಯ ರೈಲು ಹಿಡಿಯಬೇಕಾದವರು. ಐದು ನಿಮಿಷದ ಮೇಲೆ ಶಹಾಪುರದ ಬಸ್ಸು; ಅದರಲ್ಲಿ ಕೈಚೀಲ ಹಿಡಿದ ಐವತ್ತು ಮಂದಿ. ಮೊದಲು ಬಂದವರಿಗೆ ಹತ್ತಿರದ ಅಂಕಣ ಕೊಟ್ಟರೆ ಒಟ್ಟು ನಡಿಗೆ ೫,೨೦೦ ಹೆಜ್ಜೆ. ಅದಲುಬದಲು ಮಾಡಿದರೆ ೨,೦೦೦. ಗಣಿತವು ಎರಡನೆಯದನ್ನೇ ಆರಿಸುತ್ತದೆ, ಮೂಟೆ ಹೊತ್ತವರು ನೂರು ಹೆಜ್ಜೆ ನಡೆಯುತ್ತಾರೆ.

ಅವರ ಒಂದು ಹೆಜ್ಜೆಯನ್ನು ಐದೆಂದು ಎಣಿಸಿದರೋ, ಎರಡು ಏರ್ಪಾಡುಗಳೂ ೬,೦೦೦ಕ್ಕೆ ಸಮನಾಗುತ್ತವೆ. ಆರೆಂದು ಎಣಿಸಿದರೆ ೬,೨೦೦ಕ್ಕೆ ೭,೦೦೦. ಸುರಪುರದವರಿಗೆ ಹತ್ತಿರದ ಅಂಕಣ ದೊರೆಯುತ್ತದೆ. ಐದೋ ಆರೋ ಎಂಬುದನ್ನು ಕೂನರ ವಿಧಾನವು ಹೇಳಲಾರದು. ಲೆಕ್ಕಕ್ಕೆ ಮೊದಲೇ ಯಾರೋ ಕಚೇರಿಯಲ್ಲಿ ಕುಳಿತು ಬರೆದುಕೊಡಬೇಕಾದ ಸಂಖ್ಯೆಯದು. ಏನನ್ನೂ ಬರೆಯದಿದ್ದರೆ ಒಂದೆಂದು ಬರೆದಂತೆಯೇ ಸರಿ.

ನಾವಾದರೆ ಆರೆನ್ನುವೆವು. ಮೂರು ಸಾಕೆನ್ನುವವರೂ ಇದ್ದಾರು. ಯಾವುದೇ ಆಗಲಿ, ಅದನ್ನು ವೇಳಾಪಟ್ಟಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಲಿ.